ಮೂವತ್ತೆಂಟು ಗ್ರಾಂ

"ಮತ್ತೆ ಭಾರ ಆಗಿದೆ ಹರಿಹರಣ್ಣ. ಎಂತ ಮಾಡುವುದು ಮಾರಾಯ್ರೆ, ಒತ್ತಿ ಒತ್ತಿ ಬೆರಳೇ ಸೋತುಹೋಯ್ತು," ಎಂದು ಜಯಲಕ್ಷ್ಮೀ ಟೀಚರ್ ಬಾಗಿಲು ತೆಗೆಯುತ್ತಲೇ ಹೇಳಿದರು.

ವೆಸ್ಟ್ ಮಾಂಬಲಂನ ಆ ಫ್ಲ್ಯಾಟಿನಿಂದ ಪಿಯಾನೊ ರಿಪೇರಿಯ ಹರಿಹರನಿಗೆ ಬಂದ ಮೂರನೆಯ ದೂರು ಇದು, ವರ್ಷಕ್ಕೊಂದರಂತೆ. ಚೆನ್ನೈಯ ಹವೆಗೆ ಪಿಯಾನೊದ ಒಳಗಿನ ಬಟ್ಟೆ ತೇವ ಹೀರಿ ಉಬ್ಬುತ್ತದೆ, ಕೀ ಬಿಗಿಯಾಗುತ್ತದೆ. ಅವನು ಮುಚ್ಚಳ ತೆಗೆದು ಒಂದೊಂದೇ ಕೀ ಅಲ್ಲಾಡಿಸಿ ನೋಡಿದ. ಎಲ್ಲೂ ಬಿಗಿ ಇರಲಿಲ್ಲ. ಕೀಯ ತುದಿಯಲ್ಲಿ ಹಿತ್ತಾಳೆಯ ಸಣ್ಣ ತೂಕಗಳನ್ನಿಟ್ಟ. ಐವತ್ತು ಗ್ರಾಂಗೆ ಇಳಿಯಬೇಕಾದ ಕೀ ಮೂವತ್ತೆಂಟಕ್ಕೇ ಇಳಿಯಿತು.

ಒಂದು ಕೀಯನ್ನು ಹೊರಗೆಳೆದ. ಅದರ ಮರದ ಬದಿಯಲ್ಲಿ ಅವನದೇ ಪೆನ್ಸಿಲ್ ಬರಹ: ಐವತ್ತು, ನಲವತ್ನಾಲ್ಕು, ಮೂವತ್ತೆಂಟು. ಪಕ್ಕದಲ್ಲಿ, ಮುಂತುದಿ ಭಾರವಾದರೆ ಕೀ ಬೆರಳಿಗೆ ಹಗುರವಾಗಿ ಇಳಿಯುತ್ತದೆಂದು ಅವನೇ ತೂತು ಕೊರೆದು ಕೂರಿಸಿದ ಎರಡು ಸೀಸದ ತುಂಡುಗಳು. ಮೊದಲ ದೂರಿನ ದಿನವೇ ತೂಕ ಸರಿಯಾಗಿತ್ತು. ಅದು ಅವನಿಗೆ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ಇದೇ ಪಿಯಾನೊದಲ್ಲಿ ಮಕ್ಕಳಿಗೆ ಪಾಠ ಹೇಳಿ ಮನೆ ನಡೆಸುತ್ತಿರುವವರಿಗೆ, ತೊಂದರೆ ಪಿಯಾನೊದ್ದಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಗಿರಾಕಿ ಭಾರ ಎಂದರೆ ಭಾರ. ಹಗುರ ಮಾಡಿಕೊಟ್ಟು, ಕೊಟ್ಟ ಕಾಫಿ ಕುಡಿದು, ಎದ್ದುಹೋಗುವ ಸಭ್ಯಸ್ಥ ಅವನು.

ಕೀಯನ್ನು ಮರಳಿ ಕೂರಿಸುವಷ್ಟರಲ್ಲಿ ಟೀಚರ ಮಗಳು ಪ್ರಣಮ್ಯಾ ಕಾಲೇಜಿನಿಂದ ಬಂದಳು. ನಿಂತಲ್ಲೇ ಬಗ್ಗಿ ನಾಲ್ಕು ಸ್ವರ ನುಡಿಸಿದಳು.

"ಇದು ರೊಂಬ ಲೈಟಾ ಇರುಕ್ಕು ಅಂಕಲ್. ಊದಿದ್ರೇ ಕೆಳಗೆ ಹೋಗ್ತದೆ. ಇನ್ನೂ ಎಂತಕ್ಕೆ ಕಮ್ಮಿ ಮಾಡ್ಬೇಕು?"

ಅವಳು ನಗುತ್ತಲೇ ಕೇಳಿದಳು. ಟೀಚರ್ ನಗಲಿಲ್ಲ. ಹರಿಹರ ಕೀ ಬಿಟ್ಟು, ಅವರು ಸೆರಗಿನಡಿ ಇಟ್ಟುಕೊಂಡಿದ್ದ ಕೈಯತ್ತ ನೋಡಿದ.

"ಟೀಚರೇ, ಬಲಗೈ ಒಮ್ಮೆ ತೋರಿಸಿ."

ಅವರು ಸೆರಗಿನಡಿಯಿಂದ ಕೈ ಹೊರಗೆ ತೆಗೆದರು. ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸ ಇಳಿದುಹೋಗಿ ಗುಳಿ ಬಿದ್ದಿತ್ತು. ಇಷ್ಟು ವರ್ಷ ಕೀಗಳನ್ನಷ್ಟೇ ನೋಡಿದ್ದ ಅವನು ಆ ಕೈಯನ್ನು ನೋಡಿದ್ದು ಇವತ್ತೇ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಪಿಯಾನೊದಲ್ಲಿ ಎಂತದೂ ತೊಂದರೆ ಇಲ್ಲ ಟೀಚರೇ. ಯಾವತ್ತೂ ಇರ್ಲಿಲ್ಲ. ನಾನು ಆವಾಗ್ಲೇ ಹೇಳ್ಬೇಕಿತ್ತು. ನಾಳೆಯೇ ಹೋಗಿ ಡಾಕ್ಟರಿಗೆ ತೋರಿಸಿ."

ಪ್ರಣಮ್ಯಾ ತಾಯಿಯ ಕೈ ಹಿಡಿದುಕೊಂಡಳು. ಟೀಚರ್ ಬೈಯಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ ಹೇಳಿದರು:

"ಕೀಲ್ಪಾಕಿನ ಡಾಕ್ಟರ ಹತ್ರ ಎರಡು ಸಲ ಅಪಾಯಿಂಟ್‌ಮೆಂಟ್ ತಗೊಂಡಿದ್ದೆ ಹರಿಹರಣ್ಣ. ನೀವು ಬಂದು ಹೋದ ಮೇಲೆ ಕೀ ಹಗುರ ಆಗ್ತಿತ್ತಲ್ಲ? ಸದ್ಯ, ತೊಂದರೆ ಕೈಯದ್ದಲ್ಲ, ಪಿಯಾನೊದ್ದೇ ಅಂತ ಎರಡು ಸಲವೂ ನಾನೇ ಕ್ಯಾನ್ಸಲ್ ಮಾಡಿದೆ."