ಹಳದಿ ಪೆನ್ಸಿಲ್

ಬಟವಾಡಿಯ ಬಿಲ್ಡರ್ ಆಫೀಸಿನಲ್ಲಿ ಕೆಲಸಕ್ಕಿದ್ದ ಶಿವಲೀಲಾ ಹಳದಿ ಪೆನ್ಸಿಲನ್ನು ಮೆಂಡರಿಗೆ ಹಾಕಿ ಚೂಪು ಮಾಡಿಕೊಟ್ಟಳು. ನಕ್ಷೆಯಲ್ಲಿ ಹಸಿರು ಎಂದರೆ ಹೊಲ, ಹಳದಿ ಎಂದರೆ ಮನೆ ಕಟ್ಟಲು ಒಪ್ಪಿಗೆ ಸಿಕ್ಕ ಜಾಗ. ಊರ್ಡಿಗೆರೆಯಲ್ಲಿ ಅವಳ ಚಿಕ್ಕಪ್ಪ ಮಾರಿದ ಹೊಲಕ್ಕೆ ಯಜಮಾನ ರೇಣುಕಾಪ್ರಸಾದ್ ಹಳದಿ ತುಂಬತೊಡಗಿದರು. ಮೂಲೆಗೆ ಬಂದಾಗ ಅವಳು ಅಲ್ಲಿ ಬೆರಳಿಟ್ಟಳು.

"ಸಾರ್, ಇಲ್ಲಿ ನಮ್ಮವ್ವನ ಸಮಾಧಿ ಐತೆ."

"ಈಗ ಹೇಳ್ತೀಯಲ್ಲಮ್ಮ! ಸರ್ವೆ ಮಾಡ್ದೋಳು ನೀನೇ. ಫಾರಂನಲ್ಲಿ 'ಖಾಲಿ' ಅಂತ ಎಷ್ಟು ದುಂಡಗೆ ಬರ್ದಿದೀಯ ನೋಡು," ಎಂದು ಪಕ್ಕದಲ್ಲಿ ನಿಂತಿದ್ದ ಆಫೀಸಿನ ಇಂಜಿನಿಯರ್ ನಕ್ಕ.

ಫಾರಂನಲ್ಲಿ ಮನೆ, ಬಾವಿ, ಮರ ಎಂದಷ್ಟೇ ಇತ್ತು. ಸಮಾಧಿಯನ್ನು ಎಲ್ಲಿ ಬರೆಯುವುದೆಂದು ಕೇಳಲು ಅವಳಿಗೆ ಅಂದು ಬಾಯಿ ಬಂದಿರಲಿಲ್ಲ.

"ಆರ್ಡರ್ ಬಂದಾಯ್ತು. ಅದು ಆರನೇ ಸೈಟು. ನಾಡಿದ್ದು ಜೆಸಿಬಿ ಬರುತ್ತೆ," ಎಂದ ರೇಣುಕಾಪ್ರಸಾದ್, ಅವಳ ಬೆರಳನ್ನು ಸರಿಸದೆ ಅದರ ಸುತ್ತಲೂ ಬಣ್ಣ ತುಂಬಿದರು. ಅವಳು ಕೈ ತೆಗೆದಾಗ ಬೆರಳಗಲದ ಹಸಿರು ಉಳಿದಿತ್ತು. ಪೆನ್ಸಿಲ್ ಮೊಂಡಾಗಿತ್ತು. ಚೂಪು ಮಾಡಿಕೊಡಲು ಅದನ್ನು ಅವಳತ್ತ ಚಾಚಿದರು.

"ಅಷ್ಟು ಜಾಗ ಬಿಟ್ಬಿಡಿ ಸಾರ್," ಎಂದಳು, ಪೆನ್ಸಿಲ್ ಮುಟ್ಟದೆ.

ಅವರು ಚಾಚಿದ ಕೈ ಹಾಗೆಯೇ ಇತ್ತು.