ಲಗಾಮಿನ ಇನ್ನೊಂದು ತುದಿ

ಲಗಾಮು ಮತ್ತೆ ಅದುರಿತು, ಜುನಿಪರ್ ಮತ್ತೆ ಬೆಚ್ಚಿ ಪಕ್ಕಕ್ಕೆ ಹಾರಿತು. ತಲೆ ತಗ್ಗಿಸಿ, ಬೆನ್ನು ಕುಲುಕದಂತೆ ನಿಧಾನವಾಗಿ ಓಡುವುದನ್ನು ಆ ಎರಡು ವರ್ಷದ ಹೆಣ್ಣು ಕುದುರೆಗೆ ಕಲಿಸಲು ವರ್ನನ್ ಮೂರು ವಾರದಿಂದ ಅದರ ಬೆನ್ನೇರಿ ಹೆಣಗುತ್ತಿದ್ದ. ಅಮೆರಿಕದ ಮಾಂಟಾನಾದಲ್ಲಿ ನಲವತ್ತು ವರ್ಷ ಕುದುರೆ ಪಳಗಿಸಿದವನನ್ನು ಯಾವ ಕುದುರೆಯೂ ಇಷ್ಟು ಸತಾಯಿಸಿರಲಿಲ್ಲ.

"ಇದರ ತಲೆ ನೆಟ್ಟಗಿಲ್ಲ ಅಪ್ಪ. ನಾಳೆ ಹರಾಜಿಗೆ ಸಾಗಹಾಕಿ ಕೈ ತೊಳ್ಕೊಂಡ್ಬಿಡೋಣ," ಎಂದಳು ಬೇಲಿಯ ಮೇಲೆ ಕೂತಿದ್ದ ಮಗಳು ಲೊರೇನ್.

ವರ್ನನ್ ಲಗಾಮು ಹಿಡಿದ ತನ್ನ ಎಡಗೈಯನ್ನು ನೋಡಿದ. ಚಳಿಗಾಲದಿಂದಲೂ ಅದು ನಡುಗುತ್ತಿತ್ತು. ಊಟಕ್ಕೆ ಕೂತಾಗ ಮೇಜಿನ ಕೆಳಗೆ, ಚರ್ಚಿನಲ್ಲಿ ಟೋಪಿಯ ಕೆಳಗೆ ಅದನ್ನು ಬಚ್ಚಿಡುತ್ತ ಬಂದಿದ್ದ. ಆದರೆ ಲಗಾಮಿನ ಇನ್ನೊಂದು ತುದಿ ಇದ್ದದ್ದು ಕುದುರೆಯ ಬಾಯಲ್ಲಿ. ಅವನು ಲಗಾಮನ್ನು ಕುದುರೆಯ ಕುತ್ತಿಗೆಯ ಮೇಲೆ ಸಡಿಲ ಬಿಟ್ಟ. ಕೈಯನ್ನು ಕೋಟಿನ ಜೇಬಿಗೆ ತುರುಕಿ, ನಿಡಿದಾಗಿ ಉಸಿರು ಬಿಟ್ಟು, ಕಾಲಿನಿಂದ ಮೆಲ್ಲಗೆ ಒತ್ತಿದ.

ಜುನಿಪರ್ ಒಂದು ಸುತ್ತು ತಡವರಿಸಿತು. ಆಮೇಲೆ ಅದರ ತಲೆ ತಾನಾಗಿ ಇಳಿಯಿತು. ಗೊರಸುಗಳು ಮರಳಿನ ಮೇಲೆ ಒಂದೇ ಲಯದಲ್ಲಿ ಮೆತ್ತಗೆ ಬೀಳತೊಡಗಿದವು.

ಅವನು ಕುದುರೆ ನಿಲ್ಲಿಸುವಷ್ಟರಲ್ಲಿ ಲೊರೇನ್ ಬೇಲಿಯಿಂದ ಇಳಿದು ಹತ್ತಿರ ಬಂದಿದ್ದಳು. "ಅದೇನ್ ಮಾಡಿದೆ ಅಪ್ಪ? ಇಷ್ಟು ದಿನ ಏನಾಗಿತ್ತಂತೆ ಇದಕ್ಕೆ?"

"ಇದಕ್ಕೇನೂ ಆಗಿಲ್ಲ ಮಗಳೇ. ನಾಳೆಯಿಂದ ನೀನು ಹತ್ತು," ಎಂದು ವರ್ನನ್ ಆ ಕೈಯನ್ನು ಜೇಬಿನಿಂದ ತೆಗೆದು, ಮೊದಲ ಸಲ ಅವಳ ಕಣ್ಣೆದುರು ಚಾಚಿದ.