ಊಟದ ಹೊತ್ತು

“ಇದು ನಮ್ಮನೆಯವರ್ದೇನಾ?” ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ನಾಗಲಕ್ಷ್ಮಮ್ಮ ಕೇಳಿದರು.

“ಹೂಂ ಅಮ್ಮ. ಆಪರೇಷನ್‌ನಲ್ಲಿ ತೆಗೆದ ಹೃದಯದ ಚೂರಿಂದ ಬೆಳೆಸಿದ ಜೀವಕೋಶಗಳು. ಹಾರ್ಟಿನ ಕಾಯಿಲೆ ಹೇಗೆ ಬರುತ್ತೆ ಅಂತ ಇವುಗಳಲ್ಲಿ ನೋಡ್ತಿದೀವಿ,” ಎಂದಳು ಸಂಶೋಧಕಿ ಸುಧಾಮಣಿ. ಆಪರೇಷನ್ ಆಗಿಯೂ ನಾಗಲಕ್ಷ್ಮಮ್ಮನ ಗಂಡ ಯಲ್ಲಯ್ಯ ಉಳಿದಿರಲಿಲ್ಲ. ಹೆಂಡತಿಗೆ ಒಂದಿಷ್ಟು ಸಮಾಧಾನವಾಗಲೆಂದು ಸುಧಾಮಣಿಯೇ ಅವರನ್ನು ಕೋಣನಕುಂಟೆಯಿಂದ ಜಯನಗರದ ಲ್ಯಾಬಿಗೆ ಕರೆಸಿದ್ದಳು. “ಇವು ಬದುಕಿವೆ ಅಮ್ಮ. ದಿನಾ ನಾನೇ ಊಟ ಹಾಕ್ತೀನಿ, ನೋಡಿ.” ಗುಲಾಬಿ ಬಣ್ಣದ ದ್ರವವನ್ನು ಪಿಪೆಟ್ಟಿಗೆ ಎಳೆದುಕೊಂಡು ಪುಟ್ಟ ತಟ್ಟೆಯ ಮೇಲೆ ಹಿಡಿದಳು.

ನಾಗಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡರು.

“ಅದಕ್ಕೇ ತಿಥೀಲಿ ಇಟ್ಟ ಎಡೇನ ಕಾಗೆ ಮುಟ್ಟಲಿಲ್ಲ. ನಾಳೆ ಮತ್ತೆ ಇಡ್ತೀನಿ. ಇವತ್ತೊಂದಿನ ಊಟ ಹಾಕ್ಬೇಡಿ ತಾಯಿ. ಹಸ್ಕೊಂಡಾದ್ರೂ ಮನೆಗೆ ಬರ್ಲಿ.”